ಒಂದೇ ಹೆಸರಿಗೆ ಎರಡು ಪಟ್ಟಿ

ನಾನು ಒಂದು ಹೆಸರು. ಗಡಾದ ಫೌಂಡ್ರಿ ಡಾಟ್ ಇನ್. ಬೆಳಗಾವಿಯಲ್ಲಿ ಪಂಪಿನ ಬಿಡಿಭಾಗ ಎರಕ ಹೊಯ್ಯುವ ಗಡಾದರ ಕಾರ್ಖಾನೆಯಿಂದ ಹೊರಡುವ ಪ್ರತಿ ಮೇಲ್‌ನ ಬಾಲಕ್ಕೆ ಅಂಟಿಕೊಂಡು ಊರೂರು ತಿರುಗಿದವನು.

ಕಂಪ್ಯೂಟರ್ ಅಂಗಡಿಯ ತಹಸೀನ್ ನನ್ನನ್ನು ಹುಟ್ಟಿಸಿದ. ಆವತ್ತು ಅಣ್ಣ ಈರಪ್ಪ, ತಮ್ಮ ಮಹಾರುದ್ರ ಇಬ್ಬರೂ ಅವನ ಕುರ್ಚಿಯ ಹಿಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. "ಅಪ್ಪನ ಅಡ್ಡೆಸರು ಬರಬೇಕ್ ನೋಡಪಾ," ಅಂದ ಅಣ್ಣ. ಕುಂದಾ ಹಂಚಿದರು. ನನಗೆ ಬಾಯಿ ಇರಲಿಲ್ಲ, ಆದರೂ ಸಿಹಿ ತಿಂದಂತಾಯಿತು.

ಮುಂದೆ ಯಾವನೋ ಕಳ್ಳ ನನ್ನ ಹೆಸರು ಹಾಕಿಕೊಂಡು ಗಿರಾಕಿಗಳಿಗೆ ಕಸದಂಥ ಮೇಲ್ ಕಳಿಸತೊಡಗಿದ. ತಹಸೀನ್ ಬಂದು, ನನ್ನ ಹೆಸರಲ್ಲಿ ಮೇಲ್ ಕಳಿಸುವ ಹಕ್ಕು ಯಾವ ಸರ್ವರಿಗಿದೆ ಎಂದು ಪಟ್ಟಿ ಬರೆದು ನನ್ನ ಬಾಗಿಲಿಗೆ ಹಚ್ಚಿದ. ಪಟ್ಟಿಯಲ್ಲಿ ಇಲ್ಲದ್ದನ್ನು ಹೊಸ್ತಿಲಿಂದಲೇ ತಿರುಗಿಸಿ ಕಳಿಸಿ ಎಂದು ಆಜ್ಞೆಯನ್ನೂ ಬರೆದ. ಮೇಲ್ ಪಡೆಯುವವರ ಕಾವಲುಗಾರರು ಅದನ್ನು ಓದಿಯೇ ಒಳಗೆ ಬಿಡುತ್ತಿದ್ದರು. ಕಳ್ಳ ಕಾಲ್ಕಿತ್ತ. ನಾನು ಎದೆಯುಬ್ಬಿಸಿ ನಡೆದೆ.

ಆಮೇಲೆ ಅಣ್ಣತಮ್ಮ ಬೇರೆಯಾದರು. ಕಾರ್ಖಾನೆಯ ನಟ್ಟನಡುವೆ ಗೋಡೆ ಎದ್ದಿತು. ಲೋಹ ಕರಗಿಸುವ ಭಟ್ಟಿಯನ್ನು ಪಾಲು ಮಾಡಲಾಗದೆ ವಾರಕ್ಕೊಬ್ಬರ ಪಾಳಿ ಮಾಡಿಕೊಂಡರು. ನನ್ನನ್ನಂತೂ ಸೀಳಲಾಗುವುದಿಲ್ಲ; ಅಪ್ಪನ ಹೆಸರು ಬಿಡಲು ಇಬ್ಬರೂ ಒಪ್ಪಲಿಲ್ಲ. ಮಹಾರುದ್ರ ಬೇರೆ ಸರ್ವರ್ ಹಿಡಿದ, ಬೇರೆ ಯಾರನ್ನೋ ಕರೆಸಿ ಮೊದಲಿನ ಪಟ್ಟಿಯ ಪಕ್ಕದಲ್ಲಿ ತನ್ನದೇ ಇನ್ನೊಂದು ಪಟ್ಟಿ ಹಚ್ಚಿಸಿದ.

ಒಂದು ಹೆಸರಿಗೆ ಒಂದೇ ಪಟ್ಟಿ ಇರಬೇಕು. ಎರಡು ಕಂಡರೆ ಕಾವಲುಗಾರರು ಎರಡನ್ನೂ ನಂಬುವುದಿಲ್ಲ. ಇಬ್ಬರ ಮೇಲ್‌ಗಳೂ ತಿರುಗಿ ಬರತೊಡಗಿದವು. ಅಣ್ಣ ತಮ್ಮನನ್ನು ಬೈದ, ತಮ್ಮ ಅಣ್ಣನನ್ನು ಬೈದ.

ತಹಸೀನ್ ಇಬ್ಬರನ್ನೂ ಭಟ್ಟಿಯ ಹತ್ತಿರ ಕರೆದ. "ಎರಡೂ ಕೂಡಿಸಿ ಒಂದ ಪಟ್ಟಿ ಮಾಡ್ತೀನ್ರಿ ಸಾವ್ಕಾರ್ರ. ಚಾ ಆರೂದ್ರಾಗ ಮುಗೀತೈತಿ. ಇಬ್ರೂ ಹೂಂ ಅನ್ರಿ."

"ಅವನ ಸಾಲಿನ್ಯಾಗ ನನ್ನ ಕುಂಡ್ರಸ್ತೀಯೇನಲೇ?" ಅಂದ ಈರಪ್ಪ.

"ಮೊದಲ ಅಂವ ತನ್ನ ಪಟ್ಟಿ ಕಿತ್ತಲಿ," ಅಂದ ಮಹಾರುದ್ರ.

"ಗ್ವಾಡಿ ಕಟ್ಟಾಕ ಇಬ್ರೂ ಇಟ್ಟಂಗಿ ಹೊತ್ರಿ. ಒಂದ್ ಹೂಂ ಅನ್ನಾಕ ಬಾಯಿಲ್ಲೇನ್ರಿ ನಿಮಗ?" ತಹಸೀನ್ ಚಹಾ ಮುಟ್ಟದೆ ಎದ್ದು ಹೋದ.

ಪಂಪ್ ಕಂಪನಿಯೊಂದು ದೊಡ್ಡ ಆರ್ಡರಿಗೆ ದರ ಕೇಳಿತ್ತು. ಇಬ್ಬರೂ ಕಳಿಸಿದರು, ಎರಡೂ ತಿರುಗಿ ಬಂದವು. ಆರ್ಡರ್ ಬೇರೆಯವರಿಗೆ ಹೋಯಿತು. ಭಟ್ಟಿ ಆರಿತು. ಅಚ್ಚು ಕಟ್ಟುವವರು ಕೆಲಸ ಹುಡುಕಿ ಚದುರಿದರು. ಮಹಾರುದ್ರ ಕೊಲ್ಲಾಪುರ ಸೇರಿದ. ಥೂ! ಇವರಿಗಾಗಿ ನಾನು ಊರೂರು ಅಲೆದೆನಲ್ಲ!

ದಸರೆ ಬಂತು. ಬನ್ನಿ ಕೊಟ್ಟು ಕೈಮುಗಿದರೆ ನಮ್ಮ ಕಡೆ ಎಂಥ ಜಗಳವೂ ಮುಗಿದ ಹಾಗೆ. ಫೋನಿನಲ್ಲಿ ದನಿ ನಡುಗೀತೆಂದು ಈರಪ್ಪ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಅಕ್ಷರ ಒತ್ತಿದ: "ಮಹಾರುದ್ರಾ, ನಾಳೆ ಬನ್ನಿ ತಗೊಂಡ್ ಬರ್ತೀನಿ. ಮನ್ಯಾಗ ಇರು. ತಿರಗಿ ಭಟ್ಟಿ ಹಚ್ಚೂಣು."

ತಮ್ಮನ ಸ್ವಂತ ವಿಳಾಸದವರೆಗೂ ಆ ಮೇಲ್‌ಗೆ ಅಂಟಿಕೊಂಡು ಓಡಿದೆ. ಕಾವಲುಗಾರ ನನ್ನ ಬಾಗಿಲು ನೋಡಿದ. ಎರಡು ಪಟ್ಟಿ. ಆಜ್ಞೆಯಂತೆ ತಿರುಗಿಸಿದ.

ಈರಪ್ಪನಿಗೆ ತಿರುಗಿ ಬಂದ ಮೇಲ್‌ನಲ್ಲಿ ಮೇಲೆ ಒಂದಷ್ಟು ಇಂಗ್ಲಿಷ್, ಕೆಳಗೆ ತಾನು ಬರೆದದ್ದೇ. ಪಟ್ಟಿಯ ತಕರಾರು ವ್ಯಾಪಾರದ ಮೇಲ್‌ಗಷ್ಟೇ ಎಂದುಕೊಂಡಿದ್ದ ಅವನು ಹೆಂಡತಿಗೆ ಹೇಳಿದ, "ನೋಡು ನಿಂಬೆವ್ವಾ, ತಮ್ಮ ಹೊಳ್ಳಿ ಕಳಿಸ್ಯಾನ." ಮರುದಿನ ಬನ್ನಿಯನ್ನು ತಣ್ಣಗಿನ ಭಟ್ಟಿಯ ಬಾಯೊಳಗೆ ಒಗೆದ.

ಅಣ್ಣ ಹಾಗೆ ಬರೆದದ್ದು ಮಹಾರುದ್ರನಿಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಅವಧಿ ಮುಗಿಯುತ್ತ ಬಂದಿದೆ. ನವೀಕರಿಸುವವರಿಲ್ಲ. ಆ ಎರಡು ಪಟ್ಟಿ ಮಾತ್ರ ಇನ್ನೂ ಬಾಗಿಲ ಮೇಲಿವೆ. ಈರಪ್ಪ ಬರೆದದ್ದನ್ನು ನಿಜವಾಗಿ ಈರಪ್ಪನೇ ಬರೆದ ಎಂದು ಸಾಕ್ಷಿ ಹೇಳುವುದೊಂದೇ ನನ್ನ ಕೆಲಸವಾಗಿತ್ತು. ಅವನು ಜನ್ಮದಲ್ಲಿ ಒಂದು ಸಲ ಮನಸ್ಸು ಬಿಚ್ಚಿ ಬರೆದ ದಿನ, ಆ ಸಾಕ್ಷಿ ನನ್ನಿಂದ ಹೇಳಲಾಗಲಿಲ್ಲ.