ಹೊಸ ಪ್ಲೇಟಿಗೆ ಹುಲಿಯಪ್ಪನ ಚಾ

ಅಜ್ಜಪ್ಪ ಹೆಣದ ಮುಂದೆ ಚಾ ಇಡುತ್ತಿದ್ದ.

ದಾವಣಗೆರೆಯಿಂದ ಬೆಳಗಿನ ರೈಲಿಗೆ ಬರುವಾಗ ತನ್ನ ಹೋಟೆಲಿನ ಗಾಜಿನ ಲೋಟವನ್ನೇ ಟವೆಲಿನಲ್ಲಿ ಸುತ್ತಿ ತಂದಿದ್ದ. ಚಾ ಮಾತ್ರ ಇಲ್ಲಿಯ ಪಕ್ಕದ ಮನೆಯ ಖತೀಜಾಬೀ ಮಾಡಿಕೊಟ್ಟದ್ದು. ಹರಿಹರದ ಆ ಸಣ್ಣ ಓಣಿಯಲ್ಲಿ ಹುಲಿಯಪ್ಪನನ್ನು ಮನೆಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಬಳಿದು ಕೂಡಿಸಿದ್ದರು. ಅವನ ಕಾಲ ಬಳಿ ಲೋಟ ಇಟ್ಟು ಅಜ್ಜಪ್ಪ ಹಿಂದೆ ಸರಿದು ಕೈಮುಗಿದ. ನೆರೆದ ಮಿಲ್ಲಿನ ಜನ, ಹೋಟೆಲಿನ ಗಿರಾಕಿಗಳು, ಎಲ್ಲರೂ ಹೆಣ ಬಿಟ್ಟು ಲೋಟವನ್ನೇ ನೋಡುತ್ತ ನಿಂತರು. ಸ್ವಲ್ಪ ಹೊತ್ತಿಗೆ ಹಬೆ ಏಳುವುದು ನಿಂತಿತು.

"ಆರಿತು ನೋಡ್ರಿ," ಎಂದರು ಯಾರೋ.

"ಇವತ್ತು ಯಾವ ಪ್ಲೇಟು ಹಾಕಿದ್ರೂ ಆರ್ತೈತೆ ಬಿಡಪ್ಪ," ಎಂದು ಅಜ್ಜಪ್ಪ ಮೂಗು ಒರೆಸಿಕೊಂಡ.

ಕರಿಬಸವರಾಜ ಮೇಷ್ಟ್ರು ಲೋಟದಿಂದ ಮುಖ ತಿರುಗಿಸಿದರು. ಸಾವಿನ ಮನೆಯಲ್ಲಿ ಹೊಟ್ಟೆಕಿಚ್ಚು ಪಡಬಾರದು ಎಂಬುದು ಹೈಸ್ಕೂಲಿನಲ್ಲಿ ಕನ್ನಡ ಹೇಳುವವರಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಹೊಟ್ಟೆಗೆ ಬುದ್ಧಿ ಹೇಳುವವರು ಯಾರು? ಬದುಕಿದ್ದಾಗಲಂತೂ ಸರಿ, ಸತ್ತ ಮೇಲೂ ಈ ಮನುಷ್ಯನ ಲೋಟಕ್ಕೆ ಜನ ಕಾಯುತ್ತಾರಲ್ಲ!

ಗ್ರಾಮಾಫೋನ್ ಪ್ಲೇಟಿನ ಅಂಗಡಿಯ ಬೊಮ್ಮಣ್ಣ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಮೇಷ್ಟ್ರೇ, ಬರೋ ಆಯ್ತಾರಕ್ಕೆ ಹೊಸ ಪ್ಲೇಟು ಬರ್ತಾವೆ. ಹುಲಿಯಪ್ಪನ ಕುರ್ಚಿ ಖಾಲಿ ಬಿದ್ರೆ ನನ್ನ ಅಂಗಡಿ ಮುಂದೆ ನೊಣ ಹಾರ್ತಾವೆ. ನೀವು ಕೂಡ್ರಿ."

"ಜನ ಒಪ್ಪಬೇಕಲ್ಲಪ್ಪ."

"ಎಲ್ಲಾ ಇಲ್ಲೇ ಅದಾರೆ. ಮಣ್ಣು ಕೊಡೋವಾಗ ನಾನು ಮಾತು ತೆಗೀತೀನಿ. ನೀವು ಒಂದು ಮಾತು ಗಟ್ಟಿಯಾಗಿ ಹೇಳ್ರಿ, ಸಾಕು."

ಮೇಷ್ಟ್ರು ಕಾಲರು ಸರಿಮಾಡಿಕೊಂಡರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಏಳು ವರ್ಷದಿಂದ ಅವರಿಗೆ ಬೇಕಾಗಿದ್ದದ್ದು ಆ ಕುರ್ಚಿಯೊಂದೇ.

*

ಅಜ್ಜಪ್ಪನ ಹೋಟೆಲಿನಲ್ಲಿ ಭಾನುವಾರ ಸಂಜೆ ಹೊಸ ಪ್ಲೇಟು ಹಾಕುವುದು ಐವತ್ತೈದರಲ್ಲಿ ಶುರುವಾದ ಪದ್ಧತಿ. ಗ್ರಾಮಾಫೋನ್ ಅಜ್ಜಪ್ಪನದು, ಪ್ಲೇಟು ಬೊಮ್ಮಣ್ಣನವು. ನಾಟಕದ ಹಾಡು, ಸಿನಿಮಾ ಹಾಡು, ಖಯಾಲು, ವೀಣೆ, ಕವ್ವಾಲಿ, ಲಾವಣಿ, ಒಮ್ಮೊಮ್ಮೆ ಇಂಗ್ಲಿಷ್ ಬ್ಯಾಂಡು ಕೂಡ. ಗ್ರಾಮಾಫೋನಿನ ಮಗ್ಗುಲ ಕುರ್ಚಿಯಲ್ಲಿ ಹುಲಿಯಪ್ಪ ಕೂರುತ್ತಿದ್ದ. ಹತ್ತಿ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುವ ಮನುಷ್ಯ, ದಿನಾ ಹರಿಹರದಿಂದ ರೈಲಿಗೆ ಬಂದು ಹೋಗುವವನು. ಅಜ್ಜಪ್ಪ ಪ್ಲೇಟಿನ ಕವರನ್ನು ಅವನ ಮುಂದಿಟ್ಟು, ಪಕ್ಕದಲ್ಲಿ ಸುಡುಸುಡು ಚಾ ಇಡುತ್ತಿದ್ದ. ಹಾಡು ಸಪ್ಪೆಯಾಗಿದ್ದರೆ ಹುಲಿಯಪ್ಪ ಚಾ ಕುಡಿದುಬಿಡುತ್ತಿದ್ದ. ಹಾಡು ಹಿಡಿಸಿದರೆ ಅವನಿಗೆ ಚಾ ಮರೆತೇ ಹೋಗುತ್ತಿತ್ತು. ಅದು ಆರಿ ಕೆನೆ ಕಟ್ಟುತ್ತಿತ್ತು. ಅಷ್ಟೇ ಅವನ ವಿಮರ್ಶೆ. ಬಾಯಿ ಬಿಟ್ಟು ಒಂದು ಮಾತು ಆಡಿದವನಲ್ಲ. "ಹುಲಿಯಪ್ಪನ ಚಾ ಆರಿತಂತೆ" ಎಂಬ ಸುದ್ದಿ ಸೋಮವಾರ ಬೆಳಗಾಗುವುದರೊಳಗೆ ಊರು ಸುತ್ತುತ್ತಿತ್ತು, ಮಂಗಳವಾರದ ಹೊತ್ತಿಗೆ ಬೊಮ್ಮಣ್ಣನ ಅಂಗಡಿಯಲ್ಲಿ ಆ ಪ್ಲೇಟು ಮುಗಿದಿರುತ್ತಿತ್ತು.

ಮೇಷ್ಟ್ರು ಊರಿನ ವಾರಪತ್ರಿಕೆಯಲ್ಲಿ 'ಹೊಸ ಪ್ಲೇಟುಗಳು' ಎಂಬ ಅಂಕಣ ಬರೆಯುತ್ತಿದ್ದರು. ಗುರುವಾರವೇ ಬೊಮ್ಮಣ್ಣನಿಂದ ಪ್ಲೇಟು ಎರವಲು ತಂದು, ಬಾಗಿಲು ಹಾಕಿಕೊಂಡು ಒಂದೊಂದನ್ನೂ ನಾಲ್ಕು ಸಲ ಕೇಳುತ್ತಿದ್ದರು. ರಾಗ ಎಲ್ಲಿ ಜಾರಿತು, ತಬಲಾ ಎಲ್ಲಿ ಅವಸರ ಮಾಡಿತು, ಹಾಡಿದವಳು ಯಾವ ಅಕ್ಷರವನ್ನು ನುಂಗಿದಳು, ಒಂದೂ ಬಿಡದೆ ಬರೆಯುತ್ತಿದ್ದರು. ಶನಿವಾರ ಅಚ್ಚಾಗುತ್ತಿತ್ತು. ಕೈಯಿಂದ ಕೈಗೆ ಹೋಗಿ ಜನ ಅದನ್ನು ಓದುವಾಗ ಸೋಮವಾರ, ಮಂಗಳವಾರ. ಮೊದಲ ಮೂರು ವರ್ಷ ಮೇಷ್ಟ್ರ ಮಾತಿಗೂ ಹುಲಿಯಪ್ಪನ ಲೋಟಕ್ಕೂ ಎಣ್ಣೆ ಸೀಗೇಕಾಯಿ. ಆಮೇಲೆ ಯಾಕೋ ಎರಡೂ ಹೊಂದತೊಡಗಿದವು. ಅಡ್ಡಿಯಿಲ್ಲ, ಕೊನೆಗೂ ಮಗ್ಗದವನಿಗೆ ರುಚಿ ಹತ್ತಿತು ಎಂದು ಮೇಷ್ಟ್ರು ಹಿಗ್ಗಿದ್ದೂ ಉಂಟು. ಊರು ಮಾತ್ರ ಅದನ್ನು ತಿರುವಿ ಹಾಕಿತು.

"ಮೇಷ್ಟ್ರೇ, ಹುಲಿಯಪ್ಪನ ಲೋಟ ನೋಡಿಕೊಂಡು ಬರೀತೀರಂತೆ, ಹೌದೇನ್ರಿ?" ಎಂದು ಅಜ್ಜಪ್ಪ ತುಂಬಿದ ಹೋಟೆಲಿನಲ್ಲೇ ಕೇಳಿದ್ದ. ಅವತ್ತು ಮೇಷ್ಟ್ರು ಇಡ್ಲಿ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದರು. ನಿಜ ಗೊತ್ತಿದ್ದವನು ಬೊಮ್ಮಣ್ಣನೊಬ್ಬನೇ. ಅವನು ವ್ಯಾಪಾರಸ್ಥ, ಗಿರಾಕಿಯ ಮಾತಿಗೆ ಎದುರಾಡುವವನಲ್ಲ.

ಹೋದ ದೀಪಾವಳಿಯಲ್ಲಿ ಒಂದು ತತ್ವಪದದ ಪ್ಲೇಟು ಬಂತು. ಏಕತಾರಿ, ದಮ್ಮಡಿಯ ಬಡಿತ, ಒಡಕು ಗಂಟಲು. 'ಈ ಪ್ಲೇಟಿಗೆ ಹಾಕಿದ ಅರಗು ದಂಡ' ಎಂದು ಮೇಷ್ಟ್ರು ಬರೆದರು. ಭಾನುವಾರ ಹುಲಿಯಪ್ಪನ ಚಾ ಕಲ್ಲಿನಂತೆ ತಣ್ಣಗಾಯಿತು. ಬೊಮ್ಮಣ್ಣ ಹುಬ್ಬಳ್ಳಿಯಿಂದ ಮೂರು ಸಲ ಆ ಪ್ಲೇಟು ತರಿಸಿದ. ಮೇಷ್ಟ್ರೂ ಕದ್ದು ಮತ್ತೊಮ್ಮೆ ಕೇಳಿದರು. ಹಾಡು ಚೆನ್ನಾಗಿತ್ತು. ಅದೇ ಅವರಿಗೆ ತಡೆಯಲಾರದ ಉರಿ.

*

"ಮೇಷ್ಟ್ರೇ, ಒಂಚೂರು ಒಳಗ ಬರ್ರಿ," ಎಂದು ಹುಲಿಯಪ್ಪನ ಹೆಂಡತಿ ಕಾಳವ್ವ ಬಾಗಿಲಿಂದ ಕರೆದಳು.

ಒಳಗೆ ಅಡುಗೆಯ ಮೂಲೆಯಲ್ಲಿ ಅವಳು ಒಂದು ಗಂಟು ಹಿಡಿದು ನಿಂತಿದ್ದಳು.

"ಸತ್ತೋರಿಗೆ ಇಷ್ಟ ಇದ್ದದ್ದನ್ನ ಕುಣಿಯಾಗ ಜೊತಿಗಿಡ್ತೀವಿ ನಮ್ಮಾಗ. ಬೀಡಿ, ಎಲಿ ಅಡಕಿ ಕಟ್ಟೀನಿ. ಇದನ್ನೂ ಇಡಬೇಕು ಅಂತ. ಅಕ್ಷರ ಅಂದ್ರೆ ಸರಸ್ವತಿ ಅಂತಾರೆ. ಮಣ್ಣಿಗೆ ಹಾಕಿದ್ರೆ ಪಾಪ ಬರ್ತೈತೇನ್ರಿ? ಬರೆದೋರು ನೀವು, ನೀವೇ ಹೇಳಬೇಕು."

ಗಂಟು ಬಿಚ್ಚಿದರೆ ಪತ್ರಿಕೆಯ ತುಣುಕುಗಳು. ಎಲ್ಲವೂ 'ಹೊಸ ಪ್ಲೇಟುಗಳು'. ಇನ್ನೂರಾದರೂ ಇದ್ದವು. ಮೇಷ್ಟ್ರು ಹೊಗಳಿದ ಪ್ಲೇಟುಗಳ ಹೆಸರಿನ ಮುಂದೆಲ್ಲ ಪೆನ್ಸಿಲಿನ ಗೆರೆ.

"ಇವನ್ನ ಯಾಕ ಇಟ್ಕೊಂಡಿದ್ದ?"

"ಕಿವಿ ಕೇಳ್ತಿರಲಿಲ್ಲಲ್ರಿ ಅವ್ರಿಗೆ."

ಮೇಷ್ಟ್ರು ಬಾಗಿಲ ಕಡೆ ನೋಡಿದರು. ಕಾಳವ್ವ ದನಿ ಇನ್ನೂ ಇಳಿಸಿದಳು.

"ನಾಕು ವರ್ಷ ಆತು. ಮಗ್ಗದ ಸದ್ದಿಗೆ ಹೋದ್ವು. ತುಟಿ ನೋಡಿ ಮಾತು ತಿಳ್ಕೊಳ್ಳೋರು. ಮಿಲ್ನ್ಯಾಗ ಗೊತ್ತಾದ್ರೆ ಮನಿಗೆ ಕಳಿಸ್ತಾರೆ ಅಂತ ಮೊದ್ಲು ಹೇಳಲಿಲ್ಲ. ಆಮೇಲೆ ಹೋಟ್ಲಾಗಿನ ಕುರ್ಚಿ ಹೋಗ್ತೈತೆ ಅಂತ ಹೇಳಲಿಲ್ಲ. ಶನಿವಾರ ಪೇಪರ್ ತಂದು ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದೋರು. 'ಮೇಷ್ಟ್ರು ಇದು ಚಲೋ ಐತೆ ಅಂದಾರೆ' ಅಂತ ಗೆರೆ ಹಾಕೋರು. ಅದಕ್ಕೆ ಚಾ ಬಿಡೋರು."

ನಿಂತಲ್ಲೇ ಮೇಷ್ಟ್ರಿಗೆ ಮೈ ಬೆಚ್ಚಗಾಯಿತು. ನಾಲ್ಕು ವರ್ಷ ದಾವಣಗೆರೆ ಕೇಳಿದ್ದು, ಕೊಂಡದ್ದು, ಗುನುಗಿದ್ದು ತಾನು ಹೇಳಿದ ಹಾಡು. ತನ್ನ ತಲೆಯ ಮೇಲಿನ ಕಿರೀಟಕ್ಕೇ ತಾನು ಕರುಬಿದ್ದು. ಈಗಲೇ ಹೊರಗೆ ಹೋಗಿ ಅಜ್ಜಪ್ಪನ ಕೊರಳಪಟ್ಟಿ ಹಿಡಿದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಒಂದು ತುಣುಕು ಕೈಗೆ ಬಂತು. ಅದರಲ್ಲಿ ಗೆರೆ ಇರಲಿಲ್ಲ. 'ಈ ಪ್ಲೇಟಿಗೆ ಹಾಕಿದ ಅರಗು ದಂಡ' ಎಂಬ ಸಾಲಿನ ಮೇಲೆ ದೊಡ್ಡ ಕಾಟು ಹಾಕಿತ್ತು.

"ಇದನ್ನ ಯಾಕ ಹೊಡೆದು ಹಾಕ್ಯಾನೆ?"

"ಅವತ್ತು ಪ್ಲೇಟು ಹಾಡೋ ಮೇಜಿನ ಮ್ಯಾಲೆ ಕೈ ಊರಿದ್ರಂತೆ. ದಮ್ಮಡಿ ಬಡಿದದ್ದು ಅಂಗೈಗೆ ಬಂತಂತೆ. 'ಮೇಷ್ಟ್ರು ಇದನ್ನ ಕಿವಿಯಿಂದ ಕೇಳ್ಯಾರೆ, ಪಾಪ' ಅಂದ್ರು. ಅವತ್ತು ರಾತ್ರಿ ಉಣ್ಣಲಿಲ್ಲ, ಅಷ್ಟು ಖುಷಿ."

ಪಾಪ ಅಂದನೇ? ಇನ್ನೂರು ಗೆಲುವನ್ನು ಆ ಒಂದು ಕಾಟು ನುಂಗಿಹಾಕಿತ್ತು.

"ಯಾರಿಗೂ ಹೇಳಬ್ಯಾಡ್ರಿ," ಎಂದಳು ಕಾಳವ್ವ. "ಹೊಲ ಇಲ್ಲ, ಸ್ವಂತ ಮನಿ ಇಲ್ಲ, ನಮಗ ಹೇಳ್ಕೊಳ್ಳೋಕೆ ಅದೊಂದು ಕುರ್ಚಿ ಇತ್ತು."

ಮೇಷ್ಟ್ರು ಆಣೆ ಪ್ರಮಾಣ ಮಾಡಲಿಲ್ಲ. "ಪಾಪ ಬರಾಂಗಿಲ್ಲವ್ವ, ಇಡ್ರಿ," ಎಂದರು.

"ನಾವು ಹೆಂಗಸ್ರು ಕುಣಿ ತನಕ ಬರಂಗಿಲ್ಲ, ದಾರ್ಯಾಗಿನ ಹುಣಸಿ ಮರದ ತನಕ ಅಷ್ಟೇ. ನೀವೇ ಇಡ್ರಿ."

*

ಹಿಂದಿನ ಬೇಸಿಗೆಯಲ್ಲಿ ಮೇಷ್ಟ್ರಿಗೆ ವಿಷಮಶೀತ ಜ್ವರ ಬಂದು ಎರಡು ವಾರ ಅಂಕಣ ನಿಂತಿತ್ತು. ಆ ಎರಡು ಭಾನುವಾರ ಹುಲಿಯಪ್ಪನೂ ಹೋಟೆಲಿಗೆ ಬರಲಿಲ್ಲ. ಬದಲಿಗೆ ಬಾಳೆಹಣ್ಣಿನ ಚಿಪ್ಪು ಹಿಡಿದು ವಿನೋಬನಗರದ ಅವರ ಬಾಡಿಗೆ ಮನೆಯ ಹೊಸ್ತಿಲಲ್ಲಿ ನಿಂತಿದ್ದ.

"ಮುಂದಿನ ವಾರ ಬರೀತೀರಲ್ರಿ?"

"ನೋಡೋಣ," ಎಂದಿದ್ದರು ಮೇಷ್ಟ್ರು, ಮುಖ ತಿರುವಿಕೊಂಡು.

ಹುಲಿಯಪ್ಪ ಸುತ್ತಿ ಬಂದು ಅವರ ಬಾಯಿಯನ್ನೇ ದಿಟ್ಟಿಸುತ್ತ, "ಏನಂದ್ರಿ?" ಎಂದು ಮತ್ತೆ ಕೇಳಿದ್ದ. ಅಣಕಿಸುತ್ತಾನೆ ಎಂದುಕೊಂಡು ಮೇಷ್ಟ್ರು ಹಣ್ಣನ್ನು ಪಕ್ಕದ ಮನೆಯ ಆಕಳಿಗೆ ಹಾಕಿಸಿದ್ದರು.

*

ಹೊಳೆದಂಡೆಯ ಕುಣಿಯಲ್ಲಿ ಹುಲಿಯಪ್ಪನನ್ನು ಇಳಿಸಿದರು. ದಾರಿಯುದ್ದಕ್ಕೂ ನಾಲ್ಕು ಜನ ಕೇಳಿದ್ದರು, ಏನ್ರಿ ಅದು ಗಂಟು ಎಂದು. ಮನೆಯವರು ಕೊಟ್ಟದ್ದು ಎಂದಷ್ಟೇ ಹೇಳುತ್ತ ಬಂದ ಮೇಷ್ಟ್ರು ಬಗ್ಗಿ ಗಂಟನ್ನು ಹೆಣದ ಎದೆಯ ಮೇಲಿಟ್ಟರು. ಬಟ್ಟೆಯ ತುದಿ ಸರಿದು ಕಾಗದ ಕಾಣುತ್ತಿತ್ತು.

"ಇನ್ನ ಮೇಷ್ಟ್ರಿಗೆ ತ್ರಾಸು," ಎಂದ ಅಜ್ಜಪ್ಪ, ಕಣ್ಣೊರೆಸಿಕೊಳ್ಳುತ್ತಲೇ. "ಯಾರ ಲೋಟ ನೋಡಿ ಬರೀತಾರೆ?"

ಸುತ್ತಲಿನವರು ಅಳುಮುಖದಲ್ಲೇ ನಕ್ಕರು. ಬೊಮ್ಮಣ್ಣ ಇದಕ್ಕೇ ಕಾಯುತ್ತಿದ್ದ.

"ಅದೊಂದು ಇವತ್ತೇ ಇತ್ಯರ್ಥ ಆಗ್ಲಿ. ಹೇಳ್ರಿ ಮೇಷ್ಟ್ರೇ, ಇಷ್ಟು ವರ್ಷ ಬರೆದದ್ದು ನಿಮ್ಮ ಮಾತೋ, ಹುಲಿಯಪ್ಪನ್ದೋ? ಎಲ್ಲಾರ ಮುಂದೆ ಹೇಳಿಬಿಡ್ರಿ."

ಸಾಕ್ಷಿ ಎರಡು ಮೊಳ ಕೆಳಗೆ ಇತ್ತು, ಕೈ ಚಾಚಿದರೆ ಸಿಗುವಂತೆ. ಕಾಳವ್ವ ಹುಣಸೆ ಮರದ ಹತ್ತಿರ ನಿಂತುಬಿಟ್ಟಿದ್ದಳು. ಅವಳ ಕಿವಿಗೆ ಇಲ್ಲಿಯ ಮಾತು ಬೀಳುವಂತಿರಲಿಲ್ಲ. ಮೇಷ್ಟ್ರಿಗೆ ನಾಲಿಗೆಯ ತುದಿಗೆ ಬಂದಿತ್ತು. ಕುಣಿಯೊಳಗಿನ ಮುಖ ನೋಡಿದರು. ಬಾಯಿ ನೋಡಿ ಮಾತು ತಿಳಿಯುತ್ತಿದ್ದ ಕಣ್ಣು ಮುಚ್ಚಿದ್ದವು.

"ಅವನ್ದೇ," ಎಂದರು ಮೇಷ್ಟ್ರು. "ಅವನ ಲೋಟ ನೋಡೇ ಬರೀತಿದ್ದೆ."

ಬೊಮ್ಮಣ್ಣ ಏನೋ ಹೇಳಲು ಬಾಯಿ ತೆರೆದು, ಇವರ ಮುಖ ನೋಡಿ ಮುಚ್ಚಿಕೊಂಡ. ಅಜ್ಜಪ್ಪ, "ಒಪ್ಕೊಂಡ್ರಲ್ಲ, ದೊಡ್ಡ ಮನಸು," ಎಂದು ಬೆನ್ನು ತಟ್ಟಿದ. ಆ ತಟ್ಟುವಿಕೆ ಮೇಷ್ಟ್ರಿಗೆ ಕಪಾಳಕ್ಕೆ ಬಿದ್ದಂತಾಯಿತು. ಭಾನುವಾರದ ಕುರ್ಚಿ ಇನ್ನು ಏಳು ಜನ್ಮಕ್ಕೂ ತನ್ನದಲ್ಲ ಎಂಬುದು ಅವರಿಗೆ ಗೊತ್ತಾಯಿತು.

ಮಣ್ಣು ಕೊಡಲು ಬಗ್ಗಿದರು. ಮೊದಲ ಹಿಡಿ, ಎರಡನೆಯ ಹಿಡಿ. ಮೂರನೆಯದನ್ನು ಬಿರುಸಾಗಿ ಗಂಟಿನ ಮೇಲೇ ಎಸೆದರು. ಕಾಗದ ಮುಚ್ಚಿಹೋಯಿತು. ಉಳಿದವರ ಸಲಿಕೆ ಬಿದ್ದು ಕುಣಿ ತುಂಬಿ ದಿಬ್ಬವಾಯಿತು. ಭಜನೆಯವರು ತಲೆದೆಸೆಯಲ್ಲಿ ಕೂತು ದಮ್ಮಡಿ ಬಡಿಯತೊಡಗಿದರು.

ಜನ ಹೊಳೆಯಲ್ಲಿ ಮೀಯಲು ಹೊರಟಾಗಲೂ ದಮ್ಮಡಿ ನಿಂತಿರಲಿಲ್ಲ, ಮೇಷ್ಟ್ರು ಇನ್ನೂ ಅಲ್ಲೇ ಮೊಣಕಾಲೂರಿದ್ದರು. ಎಡಗೈಯ ಬೆರಳಿಂದ ಒಂದು ಕಿವಿ ಮುಚ್ಚಿ, ಇನ್ನೊಂದನ್ನು ಹೆಗಲಿಗೆ ಒತ್ತಿಕೊಂಡಿದ್ದರು. ಬಲ ಅಂಗೈ ಹಸಿ ಮಣ್ಣಿನ ಮೇಲೆ ಅಗಲವಾಗಿ ಊರಿತ್ತು.

"ಮೇಷ್ಟ್ರೇ, ಏಳ್ರಿ, ಎಲ್ಲಾ ಮುಗೀತಲ್ಲ," ಎಂದ ಬೊಮ್ಮಣ್ಣ.

ಅವರು ಅಂಗೈಯನ್ನು ಇನ್ನೂ ಒತ್ತಿ ಹಿಡಿದರು.