ತೊಳೆಯದ ಸೀರೆ

ಹೀರಾ ಅವತ್ತು ಮೂರು ಸಲ ಮಿಂದಳು. ಮೂರನೆಯ ಸಲ ಕೈಗೆ ಲಿಂಬೆಹಣ್ಣು ಉಜ್ಜಿ, ಅರ್ಧ ಸಾಬೂನು ಕರಗಿಸಿ, ಕುತ್ತಿಗೆ ತುಂಬ ಪೌಡರು ಸುರಿದುಕೊಂಡಳು. ಮೂವತ್ತು ವರ್ಷ ಕಾರವಾರದ ಮಾರ್ಕೆಟ್ಟಿನಲ್ಲಿ ಬಂಗಡೆ, ತಾರ್ಲೆ ಮೀನು ಮಾರಿದ ಮೈ. ಅಷ್ಟಕ್ಕೆಲ್ಲ ವಾಸನೆ ಬಿಟ್ಟುಹೋಗುತ್ತದೆಂದು ಅವಳಿಗೂ ನಂಬಿಕೆ ಇರಲಿಲ್ಲ.

“ಎಂತದೆ, ಮದ್ವೆ ನಿಂದೋ?” ಎಂದು ಕಾಮಿ ಕೀಟಲೆ ಮಾಡಿದಳು. ಕಾಮಿ ಅಂಕೋಲೆ ಕಡೆಯವಳು, ಮಾರ್ಕೆಟ್ಟಿನಲ್ಲಿ ಹೀರಾಳ ಪಕ್ಕದಲ್ಲೇ ಬಸಳೆ, ಹರಿವೆ ಮಾರುವವಳು.

“ಸುಮ್ನಿರೆ. ಇವತ್ತು ಸಂಧ್ಯಾ ಮಗುನ ನನ್ ಹತ್ರ ಬಿಟ್ಟು ಹೋಗ್ತಾಳೆ.”

ಮಾರ್ಕೆಟ್ಟಿನ ಹೆಂಗಸರ ಕೂಸುಗಳು ಐಸ್ ಪೆಟ್ಟಿಗೆಗಳ ನಡುವೆ, ಹರಿದ ಕೊಡೆಯ ಅಡಿಯಲ್ಲಿ ಬೆಳೆಯುತ್ತವೆ. ಅವಕ್ಕೊಂದು ಕೋಣೆ ಬಾಡಿಗೆಗೆ ಹಿಡಿಯಬೇಕು, ನೋಡಿಕೊಳ್ಳಲು ಒಬ್ಬಳನ್ನು ಇಡಬೇಕು ಎಂದು ಮಹಿಳಾ ಸಂಘದಲ್ಲಿ ಹಟ ಹಿಡಿದವಳು ಹೀರಾ. ದುಡ್ಡು ಎಲ್ಲಿಂದ? ರಸೀದಿ ಪುಸ್ತಕ ಹಿಡಿದು ಹೋದರೆ ಜನ ಬಾಗಿಲ ಸಂದಿಯಿಂದ ನೋಡಿ ಒಳಗೆ ಸರಿಯುತ್ತಾರೆ. ಅದಕ್ಕೇ ಈ ಉಪಾಯ. ಒಂದು ಶನಿವಾರ ರಾತ್ರಿ ಊರಿನವರು ಮಕ್ಕಳನ್ನು ಸಂಘದ ಸಭಾಗೃಹದಲ್ಲಿ ಬಿಡಲಿ. ತಾವು ಸಿನಿಮಾಕ್ಕೋ ಮದುವೆಗೋ ಹೋಗಲಿ, ಇಲ್ಲವೇ ಮನೆಯಲ್ಲಿ ಬಿದ್ದು ನಿದ್ದೆ ಮಾಡಲಿ. ಬೆಳಿಗ್ಗೆ ಬಂದು ಕೈಲಾದದ್ದು ಡಬ್ಬಿಗೆ ಹಾಕಿ ಮಕ್ಕಳನ್ನು ಕರೆದೊಯ್ಯಲಿ. ಕೂಸು ಮಲಗಿಸುವುದನ್ನು ಈ ಹೆಂಗಸರಿಗೆ ಯಾರೂ ಕಲಿಸಬೇಕಾಗಿರಲಿಲ್ಲವಲ್ಲ!

ಹದಿನಾಲ್ಕು ಹೆಸರು ಬಂದವು. ಹದಿನಾಲ್ಕನೆಯದು ಹೀರಾಳ ಸ್ವಂತ ಮೊಮ್ಮಗ ಕಿಶನನದು, ಮನೆಯವರ ಬಾಯಲ್ಲಿ ಕಿಶು.

ಸಂಧ್ಯಾ ಹೀರಾಳ ಒಬ್ಬಳೇ ಮಗಳು, ಅದೇ ಕೊಡೆಯ ಅಡಿಯಲ್ಲಿ ಬೆಳೆದವಳು. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡಿದ್ದನ್ನು ಅವಳು ಮರೆತಿರಲಿಲ್ಲ. ಓದಿ ಆಫೀಸಿನ ಕೆಲಸ ಹಿಡಿದಳು, ರೂಪೇಶನನ್ನು ಮದುವೆಯಾಗಿ ಕಾರವಾರದ್ದೇ ಹಬ್ಬುವಾಡದಲ್ಲಿ ಮನೆ ಮಾಡಿದಳು. ಹೀರಾ ಅಲ್ಲಿಗೆ ಹೋದಾಗಲೆಲ್ಲ, “ಆಯಿ, ಕೈ ತೊಳ್ಕೊಂಡು ಎತ್ಕೋ” ಎನ್ನುವಳು. ತೊಳೆದ ಕೈಯನ್ನೂ ಅನುಮಾನದಿಂದ ನೋಡುವಳು. ಹೀರಾ ಎತ್ತಿಕೊಳ್ಳುವುದನ್ನೇ ಬಿಟ್ಟಳು. ಹತ್ತು ತಿಂಗಳ ಮೊಮ್ಮಗ ಅವಳ ಪಾಲಿಗೆ ಮೊಬೈಲಿನ ಚಿತ್ರವಾಗಿಬಿಟ್ಟಿದ್ದ. ಈ ಒಂದು ರಾತ್ರಿ ಸಸೂತ್ರ ಕಳೆದರೆ ಇನ್ನೊಂದು ರಾತ್ರಿ ಸಿಕ್ಕೀತು, ಕೂಸು ಅತ್ತು ರಂಪ ಮಾಡಿದರೆ ಇದೇ ಕೊನೆ. ಹೀರಾಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಪ್ರತಿ ಕೂಸಿನ ಜೋಲಿಗೆ ತಾಯಿ ಉಟ್ಟು ಬಿಟ್ಟ, ತೊಳೆಯದ ಸೀರೆ ತರಬೇಕೆಂದು ಹೀರಾ ಎಲ್ಲರಿಗೂ ಹೇಳಿ ಕಳಿಸಿದ್ದಳು. ತಾಯಿಯ ವಾಸನೆ ಇದ್ದರೆ ಕೂಸು ಎಲ್ಲಿ ಬೇಕಾದರೂ ಮಲಗುತ್ತದೆ. ಆದರೆ ಆಫೀಸಿನ ತಾಯಂದಿರಿಗೆ ನಾಚಿಕೆ. ಉಟ್ಟದ್ದನ್ನು ಹಾಗೇ ಕೊಟ್ಟರೆ ಜನ ಏನೆಂದಾರು? ಬಹಳಷ್ಟು ಜನ ಒಗೆದು ತಂದರು. ಸಂಧ್ಯಾ ಇಸ್ತ್ರಿಯನ್ನೂ ಮಾಡಿಸಿದ್ದಳು.

ಉಳಿದ ಮಕ್ಕಳು ಆಡಿ ದಣಿದು ಒಂದೊಂದಾಗಿ ಮಲಗಿದರು. ಕಿಶು ಮಾತ್ರ ಸಾಬೂನಿನ ಘಮದ ಜೋಲಿಯಲ್ಲಿ ಕಾಲು ಝಾಡಿಸಿ ಕಿರುಚಿದ. ಹೀರಾ ಎತ್ತಿಕೊಂಡು ತಿರುಗಿದಳು. ಅವಳ ಪೌಡರಿಗೆ ಎರಡು ಸಲ ಸೀನಿ, ಮತ್ತೂ ಜೋರಾಗಿ ಅತ್ತ. ಅರ್ಧ ತಾಸು ಅಳು ನಿಲ್ಲದಿದ್ದರೆ ತಾಯಿಗೆ ಫೋನ್ ಮಾಡಬೇಕೆಂಬ ನಿಯಮ ಹೀರಾ ಮಾಡಿದ್ದೇ. ಮುಕ್ಕಾಲು ತಾಸಾಯಿತು.

“ಫೋನ್ ಮಾಡೆ,” ಎಂದಳು ಕಾಮಿ.

“ಇನ್ನೊಂದ್ ಸ್ವಲ್ಪ ನೋಡ್ತೆ.”

“ಬೇರೆಯವ್ರ ಕೂಸಾಗಿದ್ರೆ ಆಗ್ಲೇ ಮಾಡಿರ್ತಿದ್ದೆ.”

ಮಾತು ನಾಟಿತು. ಹೀರಾ ಫೋನ್ ಮಾಡಿದಳು.

ಅಂಕೋಲೆಯ ಮದುವೆ ಊಟ ಮುಗಿಸಿ ಅರ್ಧ ದಾರಿ ಬಂದಿದ್ದ ಸಂಧ್ಯಾ, ರೂಪೇಶನ ಬೈಕಿನಿಂದ ಇಳಿದು ಓಡುತ್ತ ಒಳಗೆ ಬಂದಳು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಮೈ ತುಂಬ ಸೆಂಟು.

“ಕರ್ಕೊಂಡ್ ಹೋಗು. ನನ್ ಕೈಲಿ ಆಗ್ಲಿಲ್ಲ,” ಎಂದಳು ಹೀರಾ.

ಸಂಧ್ಯಾ ಎತ್ತಿಕೊಂಡಳು. ಕಿಶು ಅವಳ ಹೆಗಲಿಗೆ ಮುಖ ಇಟ್ಟವನು ತಟ್ಟನೆ ಹಿಂದೆ ಸರಿದು ಇನ್ನೂ ಜೋರಾಗಿ ಅತ್ತ.

ಕಾಮಿಗೆ ನಗು ತಡೆಯಲಾಗಲಿಲ್ಲ. “ಒಬ್ಳು ಪೌಡರ್ ಡಬ್ಬಿ, ಇನ್ನೊಬ್ಳು ಸೆಂಟಿನ ಬಾಟ್ಲಿ. ಪಾಪದ ಕೂಸು ಯಾರ್ನ ಗುರ್ತು ಹಿಡೀಬೇಕು?”

ಸಂಧ್ಯಾ ಮಲ್ಲಿಗೆ ಕಿತ್ತಿಟ್ಟಳು. “ಆಯಿ, ಉಡ್ಲಿಕ್ಕೆ ಬೇರೆ ಎಂತಾದ್ರೂ ಇದ್ಯಾ?”

ಇದ್ದದ್ದು ಒಂದೇ. ಬೆಳಿಗ್ಗೆ ಮಾರ್ಕೆಟ್ಟಿಗೆ ಉಟ್ಟ ಸೀರೆಯನ್ನು ಚೀಲಕ್ಕೆ ತುರುಕಿ, ಯಾರಿಗೂ ಕಾಣದಂತೆ ಹೀರಾ ಹಿಂದಿನ ಜಗುಲಿಯ ಮೊಳೆಗೆ ನೇತುಹಾಕಿದ್ದಳು. “ಅದ್ ಬೇಡ, ಮಗಾ. ಬಂಗಡೆ ಹೆಚ್ಚಿದ್ ಸೀರೆ.”

ಸಂಧ್ಯಾ ತಾನೇ ಹೋಗಿ ತಂದಳು. ನಲ್ಲಿಯಲ್ಲಿ ಮುಖ, ಕುತ್ತಿಗೆ, ತೋಳು ತೊಳೆದು ಅದನ್ನು ಉಟ್ಟಳು. ಸೆರಗನ್ನು ಒಂದು ಗಳಿಗೆ ಮೂಗಿನ ಹತ್ತಿರ ಹಿಡಿದು ನಿಂತಳು. ಹೀರಾ ತಲೆ ತಗ್ಗಿಸಿದಳು. ಬೈಸಿಕೊಳ್ಳಲು ಸಿದ್ಧಳಾಗಿದ್ದಳು, ಆದರೆ ಸಂಧ್ಯಾ ಚಾಪೆಯ ಮೇಲೆ ಅಡ್ಡಾಗಿ ಮಗುವನ್ನು ಎದೆಗೆ ಒತ್ತಿಕೊಂಡಳು.

ಕಿಶು ಬಿಕ್ಕಿದ, ಮೂಸಿದ, ತಾಯಿಯ ಕತ್ತಿನ ಸಂದಿಯಲ್ಲಿ ಮೂಗು ಹುದುಗಿಸಿ ನಿದ್ದೆ ಹೋದ.

ಹೊದಿಸಲೆಂದು ಬಗ್ಗಿದಾಗ ಹೀರಾ ನೋಡಿದಳು: ಸಂಧ್ಯಾಳೂ ಮಲಗಿಬಿಟ್ಟಿದ್ದಳು. ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು. ಕೊಡೆಯ ಅಡಿಯಲ್ಲಿ ಮಲಗುತ್ತಿದ್ದಾಗಲೂ ಹಾಗೇ ಹಿಡಿಯುತ್ತಿದ್ದಳು, ಬಿಡಿಸಿಕೊಂಡರೆ ಎಚ್ಚರವಾಗುತ್ತದೆಂದು ಹೀರಾ ಕೂತಲ್ಲೇ ಕೂತು ಮೀನು ಮಾರಿದ ದಿನಗಳಿದ್ದವು. ಹೀರಾ ಗೋಡೆಗೊರಗಿ, ಸದ್ದಾಗದಂತೆ, ಮನಸಾರೆ ಅತ್ತಳು.

ಬೆಳಿಗ್ಗೆ ತಂದೆತಾಯಂದಿರು ಬಂದರು, ಡಬ್ಬಿ ತುಂಬಿತು. ಇನ್ನೊಂದು ಶನಿವಾರ ಯಾವಾಗ ಎಂದು ನಾಲ್ಕಾರು ಜನ ಕೇಳಿಯೂ ಬಿಟ್ಟರು. ರೂಪೇಶ ತಂದುಕೊಟ್ಟ ಚೂಡಿದಾರ ತೊಟ್ಟು ಸಂಧ್ಯಾ ಹೊರಟು ನಿಂತಾಗ ಹೀರಾ ಕೈ ಚಾಚಿದಳು.

“ಕೊಡು ಸೀರೆ, ಒಗೀತೆ.”

ಸಂಧ್ಯಾ ಅದನ್ನು ಆಗಲೇ ಮಡಿಸಿ ಮಗುವಿನ ಚೀಲದಲ್ಲಿ ಇಟ್ಟಿದ್ದಳು.

“ಇದು ಕಿಶುನ ಜೋಲಿಗೆ. ಒಗೆಯೂದಿಲ್ಲ.”

“ಹುಚ್ಚಿ, ಎಂತಕ್ಕೆ?”

“ಮುಂದಿನ್ ಸಲ ನಾನ್ ಇರೂದಿಲ್ಲಲ್ಲ, ನಿನ್ ಹತ್ರನೇ ಮಲಗ್ಬೇಕು ಅವ್ನು. ಅಷ್ಟ್ರಲ್ಲಿ ನಿನ್ನ ವಾಸನೆ ಗುರ್ತಾಗ್ಲಿ.” ಮೆಟ್ಟಿಲು ಇಳಿದವಳು ತಿರುಗಿ ನಿಂತಳು. “ಮತ್ತೆ ಆ ಪೌಡರ್ ಹಚ್ಕೋಬೇಡ, ಆಯಿ.”