ಮುನ್ನೂರ ಎಂಬತ್ತು ತುಂಡು

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂದಿನ ಓಕ್ ಮರಗಳ ಕೆಳಗೆ ಊಟಕ್ಕಿಟ್ಟಿದ್ದರು. ಓಪಲ್ ಟ್ರಿವೆಟ್ ತಟ್ಟೆಗೆ ಒಂದು ಕರಿದ ಕೋಳಿ ತೊಡೆ, ಒಂದು ಸೌಟು ಬೀನ್ಸ್ ಹಾಕಿಸಿಕೊಂಡು ಕೂರಲು ಜಾಗ ನೋಡುತ್ತಿದ್ದಾಗ ಹೋಯ್ಟ್ ಫೂಟ್ಸ್ ಎದುರಿಗೆ ಬಂದ. ಶಾಲೆಯ ಬಸ್ಸು ಓಡಿಸುವವನು, ಸಾಧು ಮನುಷ್ಯ. ಜೇಬಿನಿಂದ ತೆಳುವಾದ ಪ್ಲಾಸ್ಟಿಕ್ ಡಬ್ಬಿ ತೆಗೆದು, ಅದರೊಳಗಿದ್ದ, ರೇಸಿನ ಅಭಿಮಾನಿಗಳು ಕೂಡಿಡುವಂಥ ಕಾರ್ಡಿಗೆ ಒಂದು ಸಹಿ ಹಾಕಿಕೊಡಬೇಕೆಂದು ಕೇಳಿಕೊಂಡ. ಹುಟ್ಟುಹಬ್ಬಕ್ಕೆ ಹೆಂಡತಿ ಕೊಡಿಸಿದ್ದಂತೆ.

ಕಾರ್ಡಿನ ಮೇಲೆ ಡ್ವೇನ್‌ನ ಫೋಟೋ ಇತ್ತು. ಓಪಲ್‌ಳ ದೊಡ್ಡಣ್ಣ, ಕಾರು ರೇಸಿನಲ್ಲಿ ಸತ್ತು ನಲವತ್ತೈದು ವರ್ಷವಾಗಿತ್ತು. ಫೋಟೋದ ಕೆಳಗೆ ಅಂಚೆಚೀಟಿಯಷ್ಟಗಲ ಕಿಂಡಿ ಕೊರೆದು ಅದರಲ್ಲಿ ನೀಲಿ ಬಟ್ಟೆಯ ತುಂಡೊಂದನ್ನು ಕೂರಿಸಿದ್ದರು. ಡ್ವೇನ್ ಟ್ರಿವೆಟ್ ತನ್ನ ಕೊನೆಯ ಓಟದಲ್ಲಿ ತೊಟ್ಟಿದ್ದ ಉಡುಪಿನ ಅಸಲಿ ತುಂಡು ಎಂದು ಬರೆದಿತ್ತು. ಒಟ್ಟು ಮುನ್ನೂರ ಎಂಬತ್ತು ಕಾರ್ಡುಗಳಲ್ಲಿ ಇದು ನೂರ ಹನ್ನೆರಡನೆಯದು.

"ನಂದ್ರಲ್ಲಿ ಹೊಲಿಗೆ ಬಂದಿದೆ ನೋಡಿ ಮಿಸ್ ಓಪಲ್," ಎಂದ ಹೋಯ್ಟ್, ಮಗುವಿನಂತೆ ಹಿಗ್ಗುತ್ತ. "ಹೊಲಿಗೆ ಇರೋದು ಸಿಗೋದೇ ಕಷ್ಟ ಅಂತೆ."

ನೀಲಿಯ ಮೇಲೆ ಬಿಳಿ ದಾರದ ನಾಲ್ಕು ಕೈಹೊಲಿಗೆಗಳಿದ್ದವು. ಅವು ಯಾರ ಕೈಯವೆಂದು ಓಪಲ್‌ಗೆ ಕೇಳಿ ತಿಳಿಯಬೇಕಿರಲಿಲ್ಲ. ಆಸ್ಪತ್ರೆಯವರು ಡ್ವೇನ್‌ನ ಮೈಮೇಲಿಂದ ಆ ಉಡುಪನ್ನು ಕತ್ತಿನಿಂದ ಸೊಂಟದವರೆಗೆ ಕತ್ತರಿಸಿ ತೆಗೆದಿದ್ದರು. ಅವಳ ಅಮ್ಮ ಬ್ಯೂಲಾ ಅದನ್ನು ಮೂರು ಸಲ ತಣ್ಣೀರಿನಲ್ಲಿ ಒಗೆದು, ಹಿಂದಿನ ಜಗಲಿಯಲ್ಲಿ ಕೂತು ಮತ್ತೆ ಹೊಲಿದಿದ್ದಳು. ಅತ್ತು ಅತ್ತು ಕಣ್ಣು ಮಂಜಾಗಿ ನೀಲಿ ದಾರ ಯಾವುದು, ಬಿಳಿ ಯಾವುದು ಎಂದು ಅವಳಿಗೆ ತಿಳಿದಿರಲಿಲ್ಲ.

ಓಪಲ್ ಸಹಿ ಹಾಕಿದಳು. ಯಾರಾದರೂ ಪೆನ್ನು ಚಾಚಿದರೆ ಸಹಿ ಹಾಕಿ ಅವಳ ಕೈಗೆ ರೂಢಿಯಾಗಿಬಿಟ್ಟಿತ್ತು. ಆಮೇಲೆ ತಟ್ಟೆಯನ್ನು ಅಲ್ಲೇ ಬೆಂಚಿನ ಮೇಲಿಟ್ಟು, ನಿಂತಿದ್ದ ಪಿಕಪ್ ಗಾಡಿಗಳ ಮರೆಗೆ ಹೋಗಿ ವಾಂತಿ ಮಾಡಿಕೊಂಡಳು.

ಟ್ರಿವೆಟ್ ತಂಡದ ಕಥೆ ಆ ಬೆಟ್ಟದ ಸೀಮೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಪ್ಪ ಡರ್ವುಡ್ ಕೋಳಿಫಾರಂಗಳಿಗೆ ಮೇವಿನ ಲಾರಿ ಓಡಿಸುತ್ತಿದ್ದವನು. ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಗುಜರಿಯಿಂದ ಒಂದು ಸಾಮಾನ್ಯ ಮನೆಬಳಕೆಯ ಕಾರು ತಂದು, ಪಾಳುಬಿದ್ದ ಕೋಳಿಶೆಡ್ಡಿನಲ್ಲಿ ಅದರ ಸೀಟು, ಗಾಜು, ಬಾಗಿಲಿನ ಹಿಡಿ ಎಲ್ಲ ಕಿತ್ತು, ಒಳಗೆ ಕಬ್ಬಿಣದ ಕೊಳವೆಯ ಪಂಜರ ಬೆಸೆದು, ಶನಿವಾರ ಕೆಂಪು ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಿದ. ಶೆಡ್ಡಿನ ಬಾಗಿಲ ಮೇಲಿದ್ದ ಮೂವತ್ತೆಂಟೇ ಕಾರಿನ ನಂಬರಾಯಿತು. ಅಮ್ಮ ಉಡುಪು ಹೊಲಿದಳು, ಬುತ್ತಿ ಕಟ್ಟಿದಳು. ಎರಡನೆಯ ಮಗ ರಾಯ್ಸ್ ಟೈರು ಉರುಳಿಸಿದ. ಕಿರಿಯವಳು ಓಪಲ್ ಗಡಿಯಾರ ಹಿಡಿದು ಸುತ್ತು ಎಣಿಸಿದಳು. ಡ್ವೇನ್ ಹತ್ತೊಂಬತ್ತಕ್ಕೆ ಸ್ಟಿಯರಿಂಗ್ ಹಿಡಿದ, ಇಪ್ಪತ್ತನಾಲ್ಕಕ್ಕೆ ದೊಡ್ಡ ರೇಸು ಎರಡು ಗೆದ್ದ, ಇಪ್ಪತ್ತೈದಕ್ಕೆ ಗೋಡೆಗೆ ಬಡಿದು ಸತ್ತ. ದುಃಖ ನುಂಗಿಕೊಂಡ ಮನೆಯವರು ರಾಯ್ಸ್‌ನನ್ನು ಕೂರಿಸಿ ಮುಂದಿನ ವಸಂತಕ್ಕೇ ಟ್ರ್ಯಾಕಿಗೆ ಮರಳಿದರು. ಇಷ್ಟು, ತಂಡದ ಅಂಗಡಿಯಲ್ಲಿ ಮಾರುವ ಬಣ್ಣದ ಪುಸ್ತಕದಲ್ಲಿದೆ.

ಪುಸ್ತಕದಲ್ಲಿಲ್ಲದ್ದು ಓಪಲ್‌ಳ ಹೊಟ್ಟೆಯಲ್ಲಿತ್ತು. ಡ್ವೇನ್ ಸಾಯುವ ಹಿಂದಿನ ದಿನ ಶೆಡ್ಡು ಗುಡಿಸುತ್ತಿದ್ದ ಅವಳು ಕಾರಿನೊಳಗೆ ಬಗ್ಗಿದಾಗ, ಭುಜದ ಬೆಲ್ಟು ಬಿಗಿದಿದ್ದ ತಗಡು ತುಕ್ಕು ಹಿಡಿದು ಬೋಲ್ಟಿನ ಸುತ್ತ ಬಿರಿದಿರುವುದು ಕಂಡಿತು. ಅಪ್ಪನಿಗೆ ಹೇಳಿದಳು. ಅವನು ಕಾರ್ಬ್ಯುರೇಟರಿನಿಂದ ತಲೆ ಎತ್ತದೆ, ಸೋಮವಾರ ಬೆಸುಗೆ ಹಾಕಿದರಾಯಿತು ಎಂದ. "ಒಂದಿನಕ್ಕೆ ಏನೂ ಆಗಲ್ಲ. ನಿಮ್ಮಣ್ಣನ ಹತ್ರ ಬಾಯಿಬಿಡಬೇಡ, ಸುಮ್ನೆ ಅಳುಕು ಬೀಳುತ್ತೆ." ಹದಿನೆಂಟು ವರ್ಷದ ಓಪಲ್ ಬಾಯಿ ಬಿಡಲಿಲ್ಲ. ಮಾರನೆಯ ದಿನ ಇನ್ನೂರ ಹನ್ನೊಂದನೆಯ ಸುತ್ತಿನಲ್ಲಿ ಕಾರು ಗೋಡೆಗೆ ಬಡಿದಾಗ ಬೆಲ್ಟು ಬುಡಸಮೇತ ಕಿತ್ತು ಬಂತು.

ಹೆಣ ಮಣ್ಣಾಗಿ ಹನ್ನೆರಡು ದಿನಕ್ಕೆ ಡರ್ವುಡ್ ಆ ನುಜ್ಜುಗುಜ್ಜಾದ ಕಾರನ್ನು ಟ್ರೇಲರಿಗೇರಿಸಿ ತಾಡಪಾಲು ಹೊದಿಸಿದ. ಆ ಶರತ್ಕಾಲ ಐದು ಕೌಂಟಿಯ ಮೇಳಗಳಲ್ಲಿ, ಹಂದಿ ಪ್ರದರ್ಶನಕ್ಕೂ ಸಕ್ಕರೆ ಮಿಠಾಯಿಯ ಗಾಡಿಗೂ ನಡುವೆ ಡೇರೆ ಹಾಕಿ ತೋರಿಸಿದ. ಡ್ವೇನ್ ಟ್ರಿವೆಟ್ ಸತ್ತ ಕಾರು, ತಲೆಗೆ ಅರ್ಧ ಡಾಲರು. ಓಪಲ್ ಚಿಲ್ಲರೆ ಕೊಡುವುದರಲ್ಲಿ ಚುರುಕು ಎಂದು ಅವಳನ್ನೇ ಬಾಗಿಲಲ್ಲಿ ಕೂರಿಸಿದ. ಮಿಠಾಯಿ ಮೆತ್ತಿದ ಕೈಯ ಮಕ್ಕಳನ್ನು ಅಪ್ಪಂದಿರು ಎತ್ತಿ ಹಿಡಿದು ಒಳಗೆ ಬಗ್ಗಿಸಿ ತೋರಿಸಿದರು. ಮೊದಲ ಮೇಳದಲ್ಲಿ ಒಬ್ಬ ಹೊರಗೆ ಬಂದು, ರಕ್ತವೇ ಇಲ್ಲವಲ್ಲ ಎಂದು ಗೊಣಗಿದ. ಎರಡನೆಯ ಮೇಳದ ಬೆಳಿಗ್ಗೆ ಅಪ್ಪ ಕೆಂಪು ಪ್ರೈಮರ್ ಬಣ್ಣದ ಡಬ್ಬಿ ತೆಗೆದು, ಬಟ್ಟೆಯ ಉಂಡೆ ಅದ್ದಿ ಸೀಟಿಗೆ ಒತ್ತುತ್ತಿದ್ದುದನ್ನು ಓಪಲ್ ಕಣ್ಣಾರೆ ಕಂಡಳು. ಕಂಡೂ ಹೋಗಿ ಮೇಜಿನ ಹಿಂದೆ ಕೂತಳು. ಆ ದುಡ್ಡಿನಲ್ಲೇ ರಾಯ್ಸ್‌ನ ಕಾರಿಗೆ ಹೊಸ ಎಂಜಿನ್ ಬಂತು. ಆ ಎಂಜಿನ್ ಬಿಚ್ಚಿ ಜೋಡಿಸುತ್ತಲೇ ಅವಳು ಕೆಲಸ ಕಲಿತದ್ದು. ಮುಂದೆ ನಲವತ್ತೈದು ವರ್ಷ ಅವಳು ಕಟ್ಟಿದ ಎಂಜಿನ್ನುಗಳಿಂದಲೇ ತಂಡ ನಿಂತದ್ದು.

ಸೋಮವಾರ ಬೆಳಿಗ್ಗೆ ಅವಳು ನೇರ ರಾಯ್ಸ್‌ನ ಕೋಣೆಗೆ ಹೋದಳು. ಈಗ ಶೆಡ್ಡು ಹೋಗಿ, ಊಟದ ತಟ್ಟೆಯಷ್ಟು ಬೆಳ್ಳಗಿನ ನೆಲದ ಕಾರ್ಖಾನೆಯಾಗಿತ್ತು. ಜನ ಗಾಜಿನಾಚೆ ನಿಂತು ನೋಡಬಹುದಿತ್ತು. ರಾಯ್ಸ್ ಬನ್ನಿನಂಥ ಬಿಸ್ಕತ್ತಿನ ನಡುವೆ ಹುರಿದ ಹಂದಿಯ ಲಿವರ್ ಇಟ್ಟುಕೊಂಡು ತಿನ್ನುತ್ತಿದ್ದ. ಅವನ ಮಗ ಟಕರ್, ಈಗ ತಂಡದ ವ್ಯವಹಾರವೆಲ್ಲ ನೋಡಿಕೊಳ್ಳುವವನು, ಕಿಟಕಿಗೆ ಒರಗಿದ್ದ. ಕಳೆದ ಚಳಿಗಾಲ ಬ್ಯೂಲಾ ತೀರಿಕೊಂಡಾಗ ಅವಳ ಮನೆ ಖಾಲಿ ಮಾಡಲು ತಾನಾಗಿ ಮುಂದೆ ಬಂದವನು ಅವನೇ. ಮೊಮ್ಮಗನಿಗೆ ಅಜ್ಜಿಯೆಂದರೆ ಎಷ್ಟು ಪ್ರೀತಿ ಎಂದು ಓಪಲ್ ಆಗ ಅಂದುಕೊಂಡಿದ್ದಳು.

ಟಕರ್‌ಗೆ ಮುಚ್ಚಿಡುವಂಥದ್ದೇನೂ ಇದರಲ್ಲಿ ಕಾಣಲಿಲ್ಲ. ಉಡುಪು ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಸಿಕ್ಕಿತು, ಅಲ್ಲೇ ಇದ್ದಿದ್ದರೆ ನುಸಿ ತಿನ್ನುತ್ತಿತ್ತು ಎಂದ. ಕಾರ್ಡಿನ ಕಂಪನಿಯವರಲ್ಲಿ ಬಟ್ಟೆ ಒತ್ತಿ ಕತ್ತರಿಸುವ ಅಚ್ಚು ಇದೆಯಂತೆ, ಒಂದು ಬೆನ್ನಿನ ಭಾಗದಲ್ಲೇ ನೂರಕ್ಕೆ ಮೇಲೆ ತುಂಡು ಬಂದವಂತೆ. ಉಳಿದ ಒಂದು ತೋಳು, ಕಾಲರು, ಜಿಪ್ಪು ವಾಪಸು ಕಳಿಸಿದ್ದಾರೆ ಎನ್ನುತ್ತ ಕಪಾಟಿನಿಂದ ಒಂದು ರಟ್ಟಿನ ಡಬ್ಬಿ ತೆಗೆದು ತೋರಿಸಿದ. ಶೂ ಮಾರುವ ಡಬ್ಬಿಯಷ್ಟಿತ್ತು.

ಓಪಲ್ ಅಣ್ಣನ ಕಡೆ ತಿರುಗಿದಳು. "ಅದು ಅಮ್ಮನ ಹೊಲಿಗೆ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ರಾಯ್ಸ್ ತುತ್ತು ನುಂಗಿ, ಬೆರಳು ಒರೆಸಿಕೊಂಡ. "ಗೊತ್ತಿತ್ತು."

"ಅದಕ್ಕೇ ಅತ್ತೆ, ಹೊಲಿಗೆ ಇರೋವನ್ನ ಬೇರೆ ಮಾಡಿ ಇಟ್ವಿ," ಎಂದ ಟಕರ್. "ಅವು ಮೊದಲ ದಿನವೇ ಖಾಲಿ. ಜನಕ್ಕೆ ದೊಡ್ಡಪ್ಪನ ಮೇಲೆ ಈಗಲೂ ಎಷ್ಟು ಅಭಿಮಾನ ಗೊತ್ತಾ? ಒಂದೊಂದು ಮನೇಲೂ ಅವರದ್ದೊಂದು ಚೂರು ಇರುತ್ತೆ."

ಬಟ್ಟೆ ಅಸಲಿ ಎಂದು ಮನೆಯವರೊಬ್ಬರು ಬರೆದುಕೊಡಬೇಕಿತ್ತು, ರಾಯ್ಸ್ ಬರೆದುಕೊಟ್ಟಿದ್ದ. ಓಪಲ್ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟಳು. ಶನಿವಾರದ ಊಟಕ್ಕೆ ಬರುವುದನ್ನು ಮರೆಯಬೇಡ, ಅಲ್ಲಿ ನೀನು ಐದು ನಿಮಿಷ ಮಾತಾಡಬೇಕು ಎಂದು ಹಿಂದಿನಿಂದ ರಾಯ್ಸ್ ನೆನಪಿಸಿದ.

ಅದು ತಂಡಕ್ಕೆ ಅರವತ್ತು ತುಂಬಿದ ಸಂಭ್ರಮದ ಊಟ. ನಾಯಿಯ ಆಹಾರ ಮಾಡುವ ಪ್ರಾಯೋಜಕ ಕಂಪನಿಯವರು, ಹಳೆಯ ಮೆಕ್ಯಾನಿಕ್ಕರು, ಟಿಕೆಟು ಕೊಂಡ ಅಭಿಮಾನಿಗಳು, ಮುನ್ನೂರು ಜನವಿದ್ದರು. ಅಮ್ಮ ಕಟ್ಟುತ್ತಿದ್ದ ಬುತ್ತಿಯ ಬಗ್ಗೆ ನಾಲ್ಕು ಮಾತಾಡು ಎಂದು ಟಕರ್ ಹೇಳಿಕೊಟ್ಟಿದ್ದ. ಓಪಲ್ ಮೈಕಿನ ಮುಂದೆ ನಿಂತು ಬುತ್ತಿಯ ಮಾತು ಎತ್ತಲೇ ಇಲ್ಲ. ಬಿರಿದ ತಗಡು, ಅಪ್ಪನ ಸೋಮವಾರ, ತಾನು ಮುಚ್ಚಿಕೊಂಡ ಬಾಯಿ, ಡೇರೆ, ಅರ್ಧ ಡಾಲರು, ಪ್ರೈಮರ್ ಬಣ್ಣ, ಒಂದನ್ನೂ ಬಿಡದೆ ಹೇಳಿದಳು. ಈ ತಂಡ ಹೆಣದ ಮೇಲೆ ಸಂಪಾದಿಸಿದ್ದು ಇದೇ ಮೊದಲಲ್ಲ, ಆಗ ದುಡ್ಡಿನ ಡಬ್ಬಿ ಹಿಡಿದವಳು ನಾನು ಎಂದಳು.

ಯಾರಾದರೂ ಎದ್ದು ಉಗಿಯುತ್ತಾರೆ, ಹೆಂಗಸರು ಮುಖ ತಿರುಗಿಸಿಕೊಂಡು ಹೊರನಡೆಯುತ್ತಾರೆ ಎಂದು ಓಪಲ್ ಕಾದಳು. ಅವಳಿಗೆ ಅದು ಬೇಕಾಗಿತ್ತು. ಆದರೆ ಹಿಂದಿನ ಮೇಜಿನಲ್ಲೊಬ್ಬ ಎದ್ದು ಚಪ್ಪಾಳೆ ತಟ್ಟತೊಡಗಿದ. ನೋಡನೋಡುತ್ತಿದ್ದಂತೆ ಮುನ್ನೂರು ಜನವೂ ಎದ್ದು ನಿಂತು ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ, ಈ ಮನೆತನ ರೇಸಿಗಾಗಿ ಏನೆಲ್ಲ ತೆತ್ತಿದೆ ಎಂದು ಪಕ್ಕದವಳಿಗೆ ಹೇಳಿದಳು. ಕೆಳಗಿಳಿದ ಓಪಲ್‌ಳ ಮುಂದೆ ಸಹಿಗೆ ಸಾಲು ನಿಂತಿತು. ಟಕರ್ ಜನರನ್ನು ಸರಿಸಿಕೊಂಡು ಬಂದು ಅವಳ ಭುಜ ಹಿಡಿದ. ಅವನ ಕಣ್ಣು ಹೊಳೆಯುತ್ತಿತ್ತು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಅತ್ತೆ? ಆ ಕಾರು ಏನಾಯ್ತು? ಸೀಟಾದ್ರೂ ಎಲ್ಲಾದ್ರೂ ಉಳಿದಿದೆಯಾ?"

ಅವನ ಕೈಯನ್ನು ಅವಳು ಕೊಡವಿ ಹಾಕಿದಳು. ಲೋಳೆಹುಳು ಹತ್ತಿದ ಹಾಗಾಗಿತ್ತು. ಇನ್ನೊಂದು ಗಳಿಗೆ ನಿಂತಿದ್ದರೆ ಹೊಡೆದೇಬಿಡುತ್ತಿದ್ದಳೇನೋ; ಕೋಟು ಕೂಡ ತೆಗೆದುಕೊಳ್ಳದೆ ಹೊರಬಂದು ಗಾಡಿ ಹತ್ತಿದಳು.

ಮಾರನೆಯ ಮಧ್ಯಾಹ್ನ ಅವಳು ಮನೆಯ ಹಿತ್ತಲಲ್ಲಿ, ಕಸ ಸುಡುವ ಕಬ್ಬಿಣದ ಪೀಪಾಯಿಗೆ ಆ ತೋಳು, ಕಾಲರು, ಜಿಪ್ಪು ಹಾಕಿ ಕಡ್ಡಿ ಗೀರಿದಳು. ಹೊತ್ತಲಿಲ್ಲ. ಕಾಗದ ತುರುಕಿದಳು, ಕಾಗದ ಉರಿದು ಹೋಗಿ ಬಟ್ಟೆ ಹಾಗೇ ಉಳಿಯಿತು. ಅಷ್ಟರಲ್ಲಿ ರಾಯ್ಸ್‌ನ ಪಿಕಪ್ ಬಂದು ನಿಂತಿತು. ಮಂಡಿ ನೋವಿನಿಂದ ಎಳೆದು ಹೆಜ್ಜೆ ಹಾಕುತ್ತ ಬಂದು ಪೀಪಾಯಿಯೊಳಗೆ ಇಣುಕಿದ.

"ಅದು ಸುಡಲ್ಲ ಕಣೇ. ಸುಡಬಾರ್ದು ಅಂತಾನೇ ಮಾಡಿರೋದು."

ತಗಡಿನ ವಿಷಯ ತನಗೂ ಆಗಲೇ ಅನುಮಾನವಿತ್ತು, ಅಪ್ಪನನ್ನು ಕೇಳುವ ಧೈರ್ಯ ಬರಲಿಲ್ಲ ಎಂದು ರಾಯ್ಸ್ ನೆಲ ನೋಡುತ್ತ ಹೇಳಿದ. ಎಪ್ಪತ್ತರ ಹತ್ತಿರದ ಅಣ್ಣ ಹಾಗೆ ಕುಗ್ಗಿ ನಿಂತಿದ್ದನ್ನು ಕಂಡು ಓಪಲ್ ಕಡ್ಡಿಪೊಟ್ಟಣ ಕೆಳಗಿಟ್ಟಳು. ಒಳಗೆ ಬಾ, ಕಾಫಿ ಇಡುತ್ತೇನೆ ಎನ್ನಲು ಹೊರಟಿದ್ದಳು.

"ಆ ಜಿಪ್ ಒಂದು ತೆಗೆದುಕೊಡ್ತೀಯಾ?" ಎಂದ ರಾಯ್ಸ್. "ಟಕರ್ ಯಾರಿಗೋ ಮಾತು ಕೊಟ್ಬಿಟ್ಟಿದಾನೆ."

ಓಪಲ್ ಅವನ ಮುಖವನ್ನು ನೋಡಿದಳು. ಪ್ರೈಮರ್ ಡಬ್ಬಿಯ ಮೇಲೆ ಬಗ್ಗಿದ್ದ ಅಪ್ಪನ ಮುಖದಲ್ಲೂ ನಾಚಿಕೆ ಇತ್ತು. ನಾಚಿಕೆ ಇದ್ದೂ ಕೈ ತನ್ನ ಕೆಲಸ ಮಾಡುತ್ತಿತ್ತು. ಅವಳು ಗ್ಯಾರೇಜಿಗೆ ಹೋಗಿ, ಬಳಸಿ ಕರ್ರಗಾದ ಎಂಜಿನ್ ಎಣ್ಣೆಯ ಕ್ಯಾನು, ಡೀಸೆಲ್ಲು, ಒಂದು ತೆಕ್ಕೆ ಹಿಕರಿ ಸೌದೆ ತಂದು ಪೀಪಾಯಿಗೆ ಸುರಿದಳು. ಈ ಸಲ ಬೆಂಕಿ ಎದೆಮಟ್ಟ ಎದ್ದಿತು. ಬಟ್ಟೆ ಉರಿಯಲಿಲ್ಲ, ಮೊದಲು ಸೆಟೆಯಿತು, ಆಮೇಲೆ ಕಂದಿತು, ಕೊನೆಗೆ ಕರಕಲಾಗಿ ಪುಡಿಯಾಯಿತು. ಕೂದಲು ಸುಟ್ಟಂಥ ಕೊಳಕು ನಾತ ಹಿತ್ತಲೆಲ್ಲ ತುಂಬಿತು. ರಾಯ್ಸ್ ಕೆಮ್ಮುತ್ತ ಹಿಂದೆ ಸರಿದು, ಗಾಡಿಯಲ್ಲಿ ಕೂತು ಸ್ವಲ್ಪ ಹೊತ್ತು ನೋಡಿ ಹೊರಟುಹೋದ. ಓಪಲ್ ಕಬ್ಬಿಣದ ಸಲಾಕೆಯಿಂದ ಕೆದಕುತ್ತ, ಜಿಪ್ಪಿನ ಹಲ್ಲುಗಳು ಒಂದಕ್ಕೊಂದು ಅಂಟಿ ಗಂಟಾಗುವವರೆಗೂ ನಿಂತಿದ್ದಳು.

ಸೋಮವಾರ ಅವಳು ಬೆಳ್ಳನೆಯ ಕಾರ್ಖಾನೆಯಿಂದ ತನ್ನ ಹತಾರಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ಗಾಡಿಗೆ ಹೇರಿದಳು. ಗಾಜಿನಾಚೆ ಪ್ರವಾಸಿಗಳು ಫೋಟೋ ತೆಗೆದುಕೊಂಡರು. ಎರಡು ಸಲ ತಲೆ ತೊಳೆದಿದ್ದರೂ ಆ ನಾತ ಅವಳ ಕೂದಲಲ್ಲಿ ಇನ್ನೂ ಇತ್ತು. ಈಗ ಅವಳು ಹೆದ್ದಾರಿಯ ಪಕ್ಕದ ಒಂದು ಅಂಗಡಿಯಲ್ಲಿ ಟ್ರ್ಯಾಕ್ಟರು, ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡುತ್ತಾಳೆ. ಯಾರಾದರೂ ಕಾರ್ಡು ಹಿಡಿದು ಬಂದರೆ, ಕೈ ಕೊಳೆಯಾಗಿದೆ ಎನ್ನುತ್ತಾಳೆ.